ಚಕ್ಕುಬಂದಿ ತಪ್ಪದ ನೋಟಿಸು

ಮಸ್ಕಿ ಇನ್ನೂ ಲಿಂಗಸುಗೂರು ತಾಲೂಕಿಗೆ ಸೇರಿದ್ದ ಕಾಲ. ತೊಂಬತ್ತರ ದಶಕದಲ್ಲಿ ಲಿಂಗಸುಗೂರಿನ ವಕೀಲರೊಬ್ಬರ ಕಚೇರಿಯಲ್ಲಿ ನಾನು ಕನ್ನಡ ಟೈಪಿಸ್ಟ್. ನಮ್ಮ ಮಸ್ಕಿ ಕಡೆಯಿಂದ ಬರುತ್ತಿದ್ದ ತಕರಾರುಗಳು ಹೆಚ್ಚುಕಮ್ಮಿ ಎರಡೇ: ಬದು ಒತ್ತಿದ್ದು, ನೀರು ತಿರುವಿಕೊಂಡದ್ದು.

ಬಂದವರು ಸಿಟ್ಟಿನಲ್ಲೇ ಬರುತ್ತಿದ್ದರು. “ಅಂವ ಕಳ್ಳ ಅಂತ ಬರೀರಿ ಸಾಹೇಬ್ರ, ಲಫಂಗ ಅಂತ ಬರೀರಿ.” ವಕೀಲರು ಚಹಾ ತರಿಸಿ ಹೇಳುತ್ತಿದ್ದರು: “ಯಜಮಾನ್ರ, ಹಂಗ ಬರದ್ರ ಅಂವ ನಿಮ್ಮ ಮ್ಯಾಲೇ ಮಾನನಷ್ಟದ ಕೇಸ್ ಹಾಕ್ತಾನ. ಯಾವಾಗ ಒತ್ತಿದ, ಎಷ್ಟು ಒತ್ತಿದ, ಅದನ್ನ ಹೇಳ್ರಿ.” ಆಮೇಲೆ ಸರ್ವೆ ನಂಬರು, ಹಿಸ್ಸಾ, ಎಕರೆ-ಗುಂಟೆ, ನಾಲ್ಕೂ ದಿಕ್ಕಿನ ಚಕ್ಕುಬಂದಿ. 1948ಕ್ಕಿಂತ ಹಿಂದಿನ ಕಾಗದವಿದ್ದರೆ ಅದು ಉರ್ದುವಿನಲ್ಲಿ. ಓದಿ ಹೇಳಲು ಬಜಾರಿನಿಂದ ಒಬ್ಬ ಮುದುಕರನ್ನು ಕರೆತರಬೇಕಿತ್ತು. ಎಲ್ಲ ಕೂಡಿಬಂದ ಮೇಲೆ ಎರಡು ಕಾರ್ಬನ್ ಇಟ್ಟು ನಾನು ಕುಟ್ಟುತ್ತಿದ್ದೆ: ನೋಟಿಸು ಮುಟ್ಟಿದ 15 ದಿನದೊಳಗೆ ಒತ್ತುವರಿ ಬಿಡತಕ್ಕದ್ದು, ತಪ್ಪಿದಲ್ಲಿ ದಾವೆ, ಖರ್ಚುವೆಚ್ಚಕ್ಕೆ ನೀವೇ ಹೊಣೆ. ಗುಡುಗು ಅಷ್ಟೇ. ಅನೇಕ ಸಲ ಎದುರಾಳಿ ಅಣ್ಣ-ತಮ್ಮನೋ ಕಾಕಾನ ಮಗನೋ ಆಗಿರುತ್ತಿದ್ದ, ನಾಳೆ ಮದುವೆಗೆ ಕರೆಯಬೇಕಾದವ. ಹಾಗಾಗಿ ಕಾಗದದಲ್ಲಿ ಅವನಿಗೆ ಮರಳಿ ಬರಲು ದಾರಿ ಬಿಟ್ಟಿರಲೇಬೇಕಿತ್ತು.

ನೋಟಿಸಿನ ಅರ್ಧ ಬಲ ಪೋಸ್ಟ್‌ಮನ್ ಕೈಯಲ್ಲಿತ್ತು. ಸಹಿ ಹಾಕಿಸಿದ ಅಕ್ನಾಲೆಜ್‌ಮೆಂಟ್ ಕಾರ್ಡು ತಿರುಗಿ ಬಂದರೆ ಫೈಲಿಗೆ ಜೀವ. ಕೆಲವರು ಪೋಸ್ಟ್‌ಮನ್‌ನನ್ನು ಕಂಡರೆ ಹೊಲದ ಕಡೆ ನಡೆಯುತ್ತಿದ್ದರು. ತೆಗೆದುಕೊಳ್ಳಲು ನಿರಾಕರಿಸಿದರೆಂಬ ಷರಾ ಬಿದ್ದರೂ ಸಾಮಾನ್ಯವಾಗಿ ಕೋರ್ಟು ಮುಟ್ಟಿದಂತೆಯೇ ಎಣಿಸುತ್ತದೆ ಎಂಬುದು ಅವರಿಗೆ ಗೊತ್ತಿರುತ್ತಿರಲಿಲ್ಲ.

ನೀರಿನ ಮಾತು ಬೇರೆ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಮೇಲಿನವರು ಪಂಪ್‌ಸೆಟ್ ಹಚ್ಚಿ ಎಳೆದರೆ ಕೆಳಭಾಗದವರ ಭತ್ತ ಒಣಗುತ್ತದೆ. ಕಾಲುವೆಯ 69ನೇ ಮೈಲಿನಲ್ಲಿ ನೀರಿನ ಗೇಜ್ ಎಷ್ಟು ಎಂಬುದೇ ಆಗ ಚಹಾದಂಗಡಿಯ ಮಾತು. ಕದಿಯುವವರು ಯಾರೆಂದು ಎಲ್ಲರಿಗೂ ಗೊತ್ತು, ಹೆಸರು ಹೇಳುವವರಿಲ್ಲ. ಉಳಿದದ್ದು ಸರ್ಕಾರಕ್ಕೆ ನೋಟಿಸು. ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನ ಪ್ರಕಾರ ಸರ್ಕಾರದ ಮೇಲೆ ದಾವೆಗೆ ಮುನ್ನ ಎರಡು ತಿಂಗಳು ಕಾಯಬೇಕು. ತುರ್ತಿದ್ದರೆ ಕೋರ್ಟಿನ ಅನುಮತಿ ಪಡೆಯಬಹುದು, ನಿಜ. ಆದರೆ ತೆನೆ ಕಟ್ಟುವ ಪೈರು ಬಿಟ್ಟು ವಕೀಲರ ಹಿಂದೆ ತಿರುಗುವವರು ಯಾರು? ನೀರಿಗಾಗಿ ಜನ ರಸ್ತೆ ಮೇಲೆ ಧರಣಿ ಕೂತದ್ದು ನನಗೇನೂ ಆಶ್ಚರ್ಯವಲ್ಲ. ಅಕ್ರಮವಾಗಿ ನೀರೆತ್ತುವವರ ಮೇಲೆ ಬಿಗಿಯಾಗಲೆಂದು 2024ರಲ್ಲಿ ನೀರಾವರಿ ಕಾಯ್ದೆಗೇ ತಿದ್ದುಪಡಿ ತಂದರು.

ನಮ್ಮ ಕಸುಬನ್ನು ಕೆಡಿಸಿದ್ದು ಕಂಪ್ಯೂಟರ್ ಎನ್ನುವವರಿದ್ದಾರೆ. ನನ್ನ ಪ್ರಕಾರ ಚೆಕ್ಕು. ಚೆಕ್ ಬೌನ್ಸ್ ಅಪರಾಧವಾದದ್ದು 1989ರಲ್ಲಿ. ನೋಟಿಸು ಕಳಿಸಲು ಮೊದಲು 15 ದಿನ, ಆಮೇಲೆ 30 ದಿನವಾಯಿತು. ಸಿಂಧನೂರಿನ ಭತ್ತದ ವ್ಯಾಪಾರ, ಟ್ರ್ಯಾಕ್ಟರ್ ಸಾಲ, ಗೊಬ್ಬರದ ಉದ್ರಿ ಎಲ್ಲ ಚೆಕ್ಕಿಗೆ ತಿರುಗಿದ ಮೇಲೆ ಹೆಸರು, ಮೊತ್ತ, ತಾರೀಖು ಬದಲಿಸಿದರೆ ನೋಟಿಸು ತಯಾರು. ಯಾರ ಕಥೆಯನ್ನೂ ಕೇಳುವ ಅಗತ್ಯ ಬೀಳಲಿಲ್ಲ. ಅದೇ ರೂಢಿ ಬದುವಿನ ತಕರಾರಿಗೂ ಹತ್ತಿತು.

ನೋಟಿಸಿನ ಮಾತಿಗೆ ವಕೀಲರು ನಮ್ಮೂರ ಶಾಸನವನ್ನೂ ಎಳೆದು ತರುತ್ತಿದ್ದರು. ಮಸ್ಕಿಯ ಅಶೋಕನ ಶಾಸನವನ್ನು 1915ರಲ್ಲಿ ಗಣಿ ಎಂಜಿನಿಯರ್ ಸಿ. ಬೀಡನ್ ಕಂಡದ್ದು. ಆವರೆಗೆ ಸಿಕ್ಕಿದ್ದ ಅವನ ಶಾಸನಗಳಲ್ಲಿ ಬರೀ ಬಿರುದು. ಅಶೋಕನೆಂಬ ಹೆಸರು ಸಿಕ್ಕಿದ್ದು ಇಲ್ಲಿ. ಕಳಿಸಿದವರ ಹೆಸರಿಲ್ಲದ ನೋಟಿಸು ನೋಟಿಸಲ್ಲ ಎಂದು ನಮ್ಮ ವಕೀಲರು ನಗುತ್ತಿದ್ದರು.

2025ರ ಸೆಪ್ಟೆಂಬರ್‌ನಲ್ಲಿ ರಿಜಿಸ್ಟರ್ಡ್ ಪೋಸ್ಟು ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಯಿತು. ಅದಾದ ಕೆಲ ದಿನಕ್ಕೆ ಪಕ್ಕದ ಓಣಿಯ ಹುಡುಗ ಮೊಬೈಲಿನಲ್ಲಿ ತಮ್ಮ ಹೊಲದ ತಕರಾರಿನ ಒಂದು ನೋಟಿಸು ತೋರಿಸಿದ. ಸುಪ್ರೀಂ ಕೋರ್ಟಿನವರೆಗೂ ಬೆದರಿಕೆ, ಕೋಟಿ ರೂಪಾಯಿ ಪರಿಹಾರ, ಕಲಮುಗಳ ಸಾಲು. “ಹೊಲದ ಮೂಡಣಕ್ಕ ಯಾರದಾರಪ್ಪ?” ಎಂದು ಕೇಳಿದೆ. “ತಡೀರಿ ಕಾಕಾ,” ಎಂದು ಅವನು ಅಪ್ಪನಿಗೆ ಫೋನ್ ಹಚ್ಚಿದ.