ಗಾಡಿ ಬಿಡುವವಂಗೆ ಫೋನು ಮಾಡುವದು ಆರು?

ಎಂಗಳ ಕಲ್ಲುಗುಂಡಿ ಹೇಳಿರೆ ಮಾಣಿ-ಮೈಸೂರು ಮಾರ್ಗದ ಕರೆಲಿಪ್ಪ ಸಣ್ಣ ಪೇಟೆ. ಒಂದು ಹೊಡೆಲಿ ಪಯಸ್ವಿನಿ ಹೊಳೆ, ಇನ್ನೊಂದು ಹೊಡೆಲಿ ಗುಡ್ಡೆ, ನೆಡುಕೆ ಮಾರ್ಗ. ಮದಲು ರಾಜ್ಯ ಹೆದ್ದಾರಿ ಆಗಿತ್ತು, ಈಗ ರಾಷ್ಟ್ರೀಯ ಹೆದ್ದಾರಿ 275. ಹೆಸರು ದೊಡ್ಡ ಆತು, ಗಾಡಿಗಳ ಓಟವೂ ಜೋರಾತು, ಘಾಟಿಯ ತಿರ್ಗಾಸುಗೊ ಮಾಂತ್ರ ಅಲ್ಲೇ ಇದ್ದು.

ಅಂಗಡಿಗೆ ಹೋಗಿ ಮಾರ್ಗ ದಾಂಟ್ಲೆ ನಿಂದರೆ ಆನು ಒಂದು ವಿಷಯ ಏವಗಳೂ ಕಾಂಬದಿದ್ದು. ಮಡಿಕೇರಿ ಹೊಡೆಂದ ಇಳುದು ಬಪ್ಪ ಡ್ರೈವರಕ್ಕೊ ಪೇಟೆ ಹತ್ತರೆ ಎತ್ತುವಗಳೇ ತಲೆ ಬಗ್ಗುಸುದು! ಎಂತಕೆ ಹೇಳಿರೆ, ಘಾಟಿಲಿ ಕೆಲವು ದಿಕ್ಕೆ ಸಿಗ್ನಲು ಸಿಕ್ಕುತ್ತಿಲ್ಲೆ. ಜೋಡುಪಾಲ, ಕೊಯನಾಡು ದಾಂಟಿ ಕೆಳ ಬಂದಪ್ಪಗ ಅಷ್ಟು ಹೊತ್ತು ತಡದು ನಿಂದ ಮೆಸೇಜುಗೊ ಎಲ್ಲ ಒಟ್ಟಿಂಗೇ ಟಿಣಿಂಗ್ ಟಿಣಿಂಗ್ ಹೇಳಿ ಬೀಳ್ತು. ಶಾಲೆ ಬಿಟ್ಟ ಮಕ್ಕೊ ಮಾರ್ಗ ದಾಂಟುದೂ ಅಲ್ಲಿಯೇ.

ಗಂಟೆಗೆ 60 ಕಿಲೋಮೀಟರಿಲಿ ಬಪ್ಪ ಗಾಡಿ ಒಂದು ಸೆಕೆಂಡಿಂಗೆ ಹದಿನಾರು ಮೀಟರಿಂದ ಹೆಚ್ಚು ಓಡ್ತು. ಮೆಸೇಜು ಆರದ್ದು ಹೇಳಿ ನೋಡ್ಲೆ ಮೂರು ಸೆಕೆಂಡು ಬೇಡದೊ? ಅಲ್ಲಿಗೆ 50 ಮೀಟರು. ಹೇಳಿರೆ, ಎಂಗಳ ಅಡಕ್ಕೆ ಒಣಗುಸುವ ಜಾಲಿನ ಈ ಕೊಡಿಂದ ಆ ಕೊಡಿಗೆ ಎರಡು ಸರ್ತಿ ಕಣ್ಣು ಮುಚ್ಚಿ ಓಡಿದ ಹಾಂಗೆ. ಪಿಯುಸಿ ಕಲ್ತ ಎನಗೇ ಗೊಂತಪ್ಪ ಲೆಕ್ಕ ಇದು.

ಕಾನೂನು ಇಲ್ಲೆಯೊ ಕೇಳಿರೆ, ಇದ್ದು. 2018ರ ಮೇ ತಿಂಗಳಿಲಿ ಕೇರಳ ಹೈಕೋರ್ಟು ಒಂದು ತೀರ್ಪು ಕೊಟ್ಟಿತ್ತು. ಗಾಡಿ ಬಿಟ್ಟೊಂಡು ಫೋನಿಲಿ ಮಾತಾಡುದೇ ತಪ್ಪು ಹೇಳಿ ಅಲ್ಯಾಣ ಪೋಲೀಸು ಕಾಯಿದೆಲಿ ಇಲ್ಲೆ, ಜೆನಂಗೊಕ್ಕೆ ಅಪಾಯ ಆದರೆ ಮಾಂತ್ರ ಕೇಸು ಹೇಳಿ. ಕಾಸರಗೋಡಿನ ನೆಂಟ್ರಲ್ಲಿ ಕೆಲವು ಜೆನಕ್ಕೆ ಅದು ಭಾರೀ ಕೊಶಿ ಆಗಿತ್ತು. ಆದರೆ 2019ರಲ್ಲಿ ಇಡೀ ದೇಶದ ಮೋಟಾರು ವಾಹನ ಕಾಯಿದೆಯೇ ತಿದ್ದುಪಡಿ ಆತು. ಕೈಲಿ ಫೋನು ಹಿಡುದು ಗಾಡಿ ಬಿಡುದು ಈಗ 184ನೇ ಸೆಕ್ಷನಿಲಿ ಅಪಾಯದ ಚಾಲನೆ. ಸುರುವಾಣ ಸರ್ತಿಗೇ 1,000ಂದ 5,000 ರೂಪಾಯಿ ವರೆಗೆ ದಂಡ, ಅಲ್ಲದ್ರೆ ಆರು ತಿಂಗಳಿಂದ ಒಂದು ವರ್ಷ ಜೈಲು, ಎರಡೂ ಆಗಲೂ ಅಕ್ಕು. 2020ರ ಒಕ್ಟೋಬರಿಂದ ದಾರಿ ನೋಡ್ಲೆ ಮಾಂತ್ರ ಫೋನು ಉಪಯೋಗುಸಲಕ್ಕು, ಅದೂ ಗಮನ ತಪ್ಪದ್ದ ಹಾಂಗೆ.

"ಬ್ಲೂಟೂತ್ ಇದ್ದನ್ನೆ, ಕೈ ಸ್ಟೇರಿಂಗಿಲೇ ಇರ್ತು" ಹೇಳಿ ಎಂಗಳ ಯಜಮಾನ್ರ ವಾದ. ಅವಕ್ಕೆ ಆನು ಹೇಳಿದ್ದು ಇಷ್ಟೆ: ಕೆರೆಮಣೆಲಿ ಕೂದು ಕಾಯಿ ಕೆರವಗ ಫೋನಿನ ಸ್ಪೀಕರಿಂಗೆ ಹಾಕಿ ತಂಗೆಯ ಹತ್ತರೆ ಒಂದರಿ ಮಾತಾಡಿ ನೋಡಿ. ಕೈ ಎರಡೂ ಕಾಯಿ ಕಡಿಲೇ ಇರ್ತು, ಆದರೆ ಬೆಳಿ ಮುಗುದು ಕರಟ ಕೆರವಲೆ ಸುರು ಆದ್ದು ಗೊಂತೇ ಆವುತ್ತಿಲ್ಲೆ. ಹತ್ತರೆ ಕೂದವು ಮಾತಾಡುದು ಬೇರೆ. ತಿರ್ಗಾಸು ಬಂದಪ್ಪಗ, ಎದುರಂದ ಲೋರಿ ಕಂಡಪ್ಪಗ ಅವುದೇ ಬಾಯಿ ಮುಚ್ಚುತ್ತವು. ಫೋನಿನ ಆ ಕೊಡಿಲಿಪ್ಪವಕ್ಕೆ ಲೋರಿ ಕಾಣ್ತೊ? ಅವು ಅವರಷ್ಟಕ್ಕೆ "ಹಲೋ, ಕೇಳ್ತಾ ಇದ್ದಾ?" ಹೇಳಿಂಡಿರ್ತವು. ಯಜಮಾನ್ರು ತಳಿಯದ್ದೆ ಪೇಪರು ಓದಿದವು. ಒಪ್ಪಿದವೊ ಇಲ್ಲೆಯೊ, ಅವಕ್ಕೇ ಗೊಂತು.

ಬಾಡಿಗೆ ಜೀಪಿನವರ ಸಂಗತಿ ರಜಾ ಕಷ್ಟದ್ದು. ಕಳುದ ವರ್ಷ ಒಂದು ಉಪನಯನಕ್ಕೆ ಹೋಪಗ ಡ್ರೈವರ° ಒಂದು ಕೈಲಿ ಫೋನು ಹಿಡುದು ಅರಂತೋಡು ವರೆಗೂ ಮಾತಾಡಿದ°. "ರಜಾ ನಿಲ್ಸಿ ಮಾತಾಡು ಮಾರಾಯ" ಹೇಳಿದೆ. "ಅಕ್ಕಾ, ಈ ಫೋನು ತೆಗೆಯದ್ರೆ ನಾಳಂಗೆ ಬಾಡಿಗೆ ಇನ್ನೊಬ್ಬಂಗೆ ಹೋತು" ಹೇಳಿದ°. ಅವ° ಹೇಳಿದ್ದು ಸುಳ್ಳಲ್ಲ. ಅವಂಗೆ ಫೋನೇ ಅಂಗಡಿ. ಅಂಬಗ ಎದುರು ಸೀಟಿಲಿ ಕೂದವು ಆ ಫೋನಿನ ತೆಕ್ಕೊಂಡು "ಗಾಡಿಲಿದ್ದ°, ಅರ್ಧ ಗಂಟೆ ಕಳುದು ಮಾತಾಡ್ತ°" ಹೇಳಿರೆ ಆತು. ಆನು ಹಾಂಗೆಯೇ ಮಾಡಿದೆ. ಬಪ್ಪಗಳೂ ಎರಡು ಫೋನು ಆನೇ ತೆಗದೆ. ಒಂದು ಬಾಡಿಗೆ ಕೂಡ ಗಟ್ಟಿ ಆತು!

ಆದರೆ ಡ್ರೈವರಂಗೆ ಬಪ್ಪ ಫೋನುಗಳಲ್ಲಿ ಸುಮಾರು ಪಾಲು ಮನೆಂದಲೇ ಅಲ್ಲದೊ? ಹಳದಿ ರೋಗ ಬಂದು ಸಂಪಾಜೆ, ಅರಂತೋಡು ಹೊಡೆಲಿ ಎಷ್ಟೋ ಅಡಕ್ಕೆ ತೋಟಂಗೊ ಹಾಳಾತು. ಮಕ್ಕೊ ಬೆಂಗ್ಳೂರು ಸೇರಿದವು. ಶನಿವಾರ ಬತ್ತವು, ಆಯಿತ್ಯವಾರ ಹೊತ್ತೋಪಗ ಹೆರಡ್ತವು. ಹೆರಟು ಅರ್ಧ ಗಂಟೆ ಆಯೆಕ್ಕಾರೆ "ಎಲ್ಲಿಗೆತ್ತಿದೆ?" ಸುರು.

ಇದು ಬರೀ ಕುತೂಹಲ ಅಲ್ಲ. 2018ರ ಆಗೋಸ್ತಿಲಿ ಜೋಡುಪಾಲಲ್ಲಿ ಗುಡ್ಡೆ ಜರುದು ಬಿದ್ದಪ್ಪಗ ಮಾರ್ಗವೇ ಇಲ್ಲದ್ದೆ ಆಗಿತ್ತು. ಆ ದಿನಂಗಳ ಕಂಡ ಎಂಗಳ ಅತ್ತೆಗೆ ಈಗಳೂ ಮಳೆಗಾಲಲ್ಲಿ ಮಾಣಿ ಘಾಟಿ ಹತ್ತಿದ° ಹೇಳಿರೆ ಕೈಕಾಲು ನಡುಗುತ್ತು. ಎಂಬತ್ತನಾಲ್ಕು ವರ್ಷ ಅವಕ್ಕೆ. "ಫೋನು ಮಾಡೆಡಿ" ಹೇಳುದು ಸುಲಬ, ಆ ಹೆದರಿಕೆಗೆ ಎಂತ ಮಾಡುದು?

ಅದಕ್ಕೆ ಎಂಗಳಲ್ಲಿ ಹೀಂಗೊಂದು ಏರ್ಪಾಡು ಇದ್ದು. ಸೊಸೆ ಒಟ್ಟಿಂಗಿದ್ದರೆ ಫೋನು ಅದರ ಕೈಲಿ. ಮಗ° ಒಬ್ಬನೇ ಹೋಪದಾದರೆ ಮಡಿಕೇರಿಲಿ ಚಾಯ ಕುಡಿವಲೆ ನಿಲ್ಸಿ ಅವನೇ ಮಾಡುದು, ಮತ್ತೆ ಮೈಸೂರಿಲಿ. ಅದರ ಎಡೆಲಿ ಇಲ್ಲಿಂದ ಆರೂ ಮಾಡ್ಲಾಗ. ಅವ° ಹೆರಟ ಕೂಡ್ಲೆ ಅತ್ತೆ ಗೋಡೆ ಗಡಿಯಾರದ ಎದುರು ಕುರ್ಚಿ ಹಾಕಿ ಜೆಪಮಣಿ ಹಿಡುದು ಕೂರ್ತವು. ಮಡಿಕೇರಿ ಫೋನು ಹತ್ತು ನಿಮಿಷ ತಡವಾದರೆ ಎನ್ನ ಮೋರೆ ನೋಡ್ತವು. ಆನು ಗ್ಯಾಸಿಲಿ ಮಡಗಿದ ಹಾಲು ನೋಡ್ತೆ.