ಬಲಗಾಲಿನ ಕೆಲಸ

ನಿನ್ನೆ ರಾತ್ರಿ ಕಡೆಗೂ ಸರಿಹೋಯಿತು. ಲೆ ಮಾನ್‌ನ ಉದ್ದನೆಯ ನೇರ ದಾರಿ ಮುಗಿದು ಮುಲ್ಸಾನ್ ತಿರುವು ಎದುರಾದಾಗ ಬಲಪಾದದ ಬೆರಳಬುಡ ಬ್ರೇಕ್ ಮೇಲೆ, ಅದೇ ಪಾದದ ಹೊರ ಅಂಚು ಆಕ್ಸಿಲರೇಟರ್ ಮೇಲೆ. ಎಂಜಿನ್ನಿನ ವೇಗ ಏರಿಸುತ್ತ ಒಂದೊಂದೇ ಗೇರ್ ಇಳಿಸಿದೆ: ಐದು, ನಾಲ್ಕು, ಮೂರು, ಎರಡು. ಒಂದು ಗೇರೂ ಒದೆಯಲಿಲ್ಲ. ಕೋಣೆಯ ಮೂಲೆಯಲ್ಲಿ ಒಂದು ಸೀಟು, ಮೂರು ಪೆಡಲು, ಒಂದು ಪರದೆ: ನನ್ನ ಮೆಕ್ಲಾರನ್ ಎಫ್1 ಜಿಟಿಆರ್ ಇಷ್ಟೇ. ಆದರೂ ಎದೆ ಡವಡವ ಅಂದದ್ದು ನಿಜವೇ.

ಗುಟ್ಟು ಇರುವುದು ಪೆಡಲಿನ ಮಟ್ಟದಲ್ಲಿ. ಬ್ರೇಕನ್ನು ಗಟ್ಟಿಯಾಗಿ ಒತ್ತಿದಾಗ ಅದು ಆಕ್ಸಿಲರೇಟರಿನ ಸಮಕ್ಕೆ ಬಂದು ನಿಲ್ಲಬೇಕು. ನನ್ನದು ಇನ್ನೂ ಕೆಳಗೆ ಹೋಗುತ್ತಿತ್ತು, ಪಾದ ಸೊಟ್ಟಗಾಗುತ್ತಿತ್ತು. ಬ್ರೇಕಿನ ತಟ್ಟೆಯ ಮೇಲೆ ಬೆರಳು ದಪ್ಪದ ಪ್ಲೈವುಡ್ ಚೂರು ಕೂರಿಸಿದೆ. ಬರಿಗಾಲಲ್ಲೇ ಓಡಿಸುತ್ತೇನೆ, ಕಾಲುಚೀಲ ಜಾರುತ್ತದೆ.

ಜೊತೆಗೆ ಆಡುವ ಗೆಳೆಯರಿಗೆ ಇದೆಲ್ಲ ಹಳೇ ಕಾಲದ ಹಟ. ಮೆಕ್ಲಾರನ್ನಿನದೇ 916 ಅಶ್ವಶಕ್ತಿಯ ಪಿ1 ಇರುವಾಗ ಇದೇಕೆ ಅನ್ನುತ್ತಾರೆ. ರಸ್ತೆಯ ಎಫ್1ಗೆ ಇದ್ದದ್ದು 627. ರೇಸಿನ ಜಿಟಿಆರ್‌ಗೆ ಅದಕ್ಕಿಂತಲೂ ಕಡಿಮೆ, 600ರ ಆಸುಪಾಸು. ಎಂಜಿನ್ನಿಗೆ ಹೋಗುವ ಗಾಳಿಯನ್ನೇ ನಿಯಮ ಬಿಗಿಹಿಡಿದಿತ್ತು. 1995ರಲ್ಲಿ ಆ ಕಾರು ಮೊದಲ ಸಲಕ್ಕೇ ಲೆ ಮಾನ್ ಗೆದ್ದಿತು. 59ನೇ ನಂಬರಿನ ಕಾರು. ದಾಲ್ಮಾಸ್, ಲೆಹ್ಟೊ, ಸೆಕಿಯ ಸರದಿಯಲ್ಲಿ ಓಡಿಸಿದರು. ಮಳೆ ಬಿಡದೆ ಹೊಯ್ದ ರಾತ್ರಿಯಲ್ಲಿ ಲೆಹ್ಟೊ ಗಳಿಸಿಕೊಟ್ಟ ಸಮಯಕ್ಕೂ ಅಶ್ವಶಕ್ತಿಯ ಲೆಕ್ಕಕ್ಕೂ ಏನೇನೂ ಸಂಬಂಧವಿಲ್ಲ.

ಎಫ್1, ಪಿ1 ಎರಡರಲ್ಲೂ ನನಗೆ ಬಲು ಇಷ್ಟವಾದ ಜಾಗ ಬೇರೆಯೇ ಇದೆ. ಮೇಲಿನ ಗೇರಿಗೆ ಹೋಗುವಾಗ ಎಂಜಿನ್ನಿನ ವೇಗ ಚಕ್ಕನೆ ಇಳಿಯಬೇಕು. ಗಾರ್ಡನ್ ಮರ್ರಿಯವರ ಎಫ್1ನಲ್ಲಿ ಇದಕ್ಕೆ ತೂಕ ಕಳೆದರು. ಬಿಎಂಡಬ್ಲ್ಯು ಮಾಡಿಕೊಟ್ಟ ವಿ12ರ ಫ್ಲೈವೀಲ್ ಪುಟ್ಟ ಅಲ್ಯೂಮಿನಿಯಂ ತಟ್ಟೆ, ಕಾಲೆತ್ತಿದ ಕ್ಷಣವೇ ಎಂಜಿನ್ ಇಳಿದುಬಿಡುತ್ತದೆ. ಪಿ1ನಲ್ಲಿ ತೂಕ ಕೂಡಿಸಿದರು. ವಿ8ಕ್ಕೆ ಜೋಡಿಸಿದ ವಿದ್ಯುತ್ ಮೋಟಾರು ಎಂಜಿನ್ನನ್ನು ಹಿಂದಕ್ಕೆ ಜಗ್ಗಿ ವೇಗ ಇಳಿಸುತ್ತದೆ. ಟರ್ಬೊ ಎಚ್ಚರಗೊಳ್ಳುವ ತನಕದ ಬಿಡುವನ್ನೂ ಅದೇ ತುಂಬುತ್ತದೆ. ಅದಕ್ಕೆ ತೆತ್ತ ಬೆಲೆ 96 ಕೆ.ಜಿ. ಬ್ಯಾಟರಿ. ಒಂದೇ ತೊಡಕಿಗೆ ಒಂದೇ ಮನೆಯ ಎರಡು ಪರಿಹಾರ, ನಡುವೆ ಇಪ್ಪತ್ತು ವರ್ಷ. ಪಿ1 ಅನ್ನು ಬ್ಯಾಟರಿ ಆಟಿಕೆ ಎಂದು ಹೀಗಳೆಯುವ ಹಳೇ ಕಾರಿನ ಭಕ್ತರ ಜೊತೆಗೂ ಅದಕ್ಕೇ ನನ್ನ ಜಗಳ. ಆ ಮೋಟಾರಿನ ಕೆಲಸ ಕುಸುರಿ ಕೆಲಸ.

ಸಿಟ್ಟು ಬರುವುದು ಮೂರನೆಯವರ ಮೇಲೆ. ಜಿಟಿಆರ್ ಆರಿಸಿಕೊಂಡು ಆಟೊ ಕ್ಲಚ್, ಗೇರ್ ಇಳಿಸುವಾಗ ಎಂಜಿನ್ನಿನ ವೇಗವನ್ನು ತಾನೇ ಏರಿಸುವ ಆಟೊ ಬ್ಲಿಪ್ ಎರಡನ್ನೂ ಹಾಕಿಕೊಂಡು, ಸ್ಟೀರಿಂಗ್ ಹಿಂದಿನ ಪಟ್ಟಿ ಎಳೆದು ಗೇರ್ ಬದಲಿಸಿ, ಆಮೇಲೆ "ಎರಡೂ ಕಾರು ಹೆಚ್ಚುಕಡಿಮೆ ಒಂದೇ" ಎಂದು ತೀರ್ಪು ಕೊಡುತ್ತಾರೆ. ಒಂದೇ ಆಗದೆ ಇನ್ನೇನು? ಆ ಕಾರು ಕಾಲಿಗೆ ಒಪ್ಪಿಸಿದ ಕೆಲಸವನ್ನೆಲ್ಲ ಕಂಪ್ಯೂಟರಿಗೆ ಕೊಟ್ಟ ಮೇಲೆ ಅದನ್ನು ಓಡಿಸಿದ್ದಾದರೂ ಯಾರು?

ಇವತ್ತು ರಾತ್ರಿ ಆಟೊ ಕ್ಲಚ್, ಆಟೊ ಬ್ಲಿಪ್ ಎರಡನ್ನೂ ಆಫ್ ಮಾಡಿ ಕೂತುಕೊಳ್ಳಿ. ಒಂದು ವಾರ ಗೇರ್ ಒದೆಯುತ್ತದೆ. ಒದೆಯಲಿ ಬಿಡಿ.