ತಾತನಿಗೆ ರುಬ್ಬುವ ಕೆಲಸ

ಬ್ಯಾಂಕಿನಲ್ಲಿ 37 ವರ್ಷ ಗುಮಾಸ್ತಗಿರಿ ಮಾಡಿ ನಿವೃತ್ತನಾದವನಿಗೆ ಎಪ್ಪತ್ತು ದಾಟಿದ ಮೇಲೆ ಮತ್ತೆ ಒಂದು ಕೆಲಸ ಸಿಕ್ಕಿತು. ಕೆಲಸ ಕೊಟ್ಟವನು ಬೇಸಿಗೆ ರಜೆಗೆ ಬಂದಿದ್ದ ಮಗಳ ಮಗ. ವಯಸ್ಸು ಹತ್ತು. ಸಂಬಳ ಇಲ್ಲ, ಭವಿಷ್ಯನಿಧಿ ಇಲ್ಲ, ಕೆಲಸದ ಹೆಸರು ಮಾತ್ರ ಜೋರಾಗಿದೆ: ‘ಗ್ರೈಂಡ್’. ಒಂದೇ ಕಾಳಗವನ್ನು ಮತ್ತೆ ಮತ್ತೆ ಆಡಿ ಅಂಕ ಕೂಡಿಹಾಕುವುದಕ್ಕೆ ವಿಡಿಯೊ ಗೇಮ್ ಆಡುವವರು ಹೀಗೆನ್ನುತ್ತಾರಂತೆ. ನಮ್ಮ ಮನೆಯಾಕೆ ಇದನ್ನು ಕೇಳಿ, “ರುಬ್ಬೋದು ತಾನೇ? ಅದಕ್ಕೆ ಅಡುಗೆಮನೇಲಿ ಗ್ರೈಂಡರ್ ಇದೆ. ನೀವ್ಯಾಕೆ ಹೆಬ್ಬೆರಳು ಸವೆಸ್ತೀರಿ?” ಅಂದಳು. ಅಂದಿನಿಂದ ಮನೆಯಲ್ಲಿ ಅದಕ್ಕೆ ರುಬ್ಬುವ ಕೆಲಸ ಎಂದೇ ಹೆಸರು.

ಆಟ ಪೋಕೆಮಾನ್. ಹಳದಿ ಮೈಯ, ಮಿಂಚಿನಂತೆ ಅಂಕುಡೊಂಕು ಬಾಲದ ಪಿಕಾಚುವನ್ನು ಮಕ್ಕಳ ಸ್ಕೂಲ್ ಬ್ಯಾಗಿನ ಮೇಲಾದರೂ ನೀವೆಲ್ಲ ನೋಡಿರುತ್ತೀರಿ. ನನ್ನ ಮಗ 2005ರಲ್ಲಿ ಕಂಪನಿ ಕೆಲಸಕ್ಕೆ ಹೊರದೇಶಕ್ಕೆ ಹೋದವನು ಅಂಗೈಯಗಲದ ಗೇಮ್ ಬಾಯ್ ಅಡ್ವಾನ್ಸ್ ಒಂದನ್ನು ತಂದಿದ್ದ. ಜೊತೆಗೆ ‘ಫೈರ್‌ರೆಡ್’ ಎನ್ನುವ ಆಟದ ಕ್ಯಾಸೆಟ್. ಮದುವೆಯಾದ ಮೇಲೆ ಅವೆರಡೂ ಅಟ್ಟದ ಟ್ರಂಕು ಸೇರಿದವು. ಈ ವರ್ಷ ಪುಟ್ಟ ಮಾಮನ ಟ್ರಂಕನ್ನು ಶೋಧಿಸಿ ಹೊರತೆಗೆದ. ಎರಡು ಪೆನ್ಸಿಲ್ ಸೆಲ್ ಹಾಕಿದ್ದೇ ತಡ, ಇಪ್ಪತ್ತು ವರ್ಷ ಮಲಗಿದ್ದ ಯಂತ್ರ ‘ಟಿಂಗ್’ ಎಂದು ಎದ್ದು ಕೂತಿತು. ಪುಟ್ಟನ ಅಮ್ಮನ ಕಾನೂನಿನ ಪ್ರಕಾರ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಮೊಬೈಲ್ ಮುಟ್ಟುವಂತಿಲ್ಲ. ಇದು ಮೊಬೈಲ್ ಅಲ್ಲವಲ್ಲ! ಆ ಹಳೆಯ ಮಾದರಿಯ ಪರದೆಗೆ ಒಳಗಿನಿಂದ ಬೆಳಕಿಲ್ಲ. ಕಿಟಕಿಯ ಪಕ್ಕ ಕೂತರೇ ಕಾಣುವುದು. ನಮ್ಮ ಮನೆಯಲ್ಲಿ ಕಿಟಕಿಯ ಪಕ್ಕದ ಕುರ್ಚಿ ನನ್ನದು. ಹೀಗೆ ನಾನು ಆ ಲೋಕಕ್ಕೆ ಪಕ್ಕದಿಂದ ಇಣುಕಿದೆ.

ಇದನ್ನು ಕಲ್ಪಿಸಿದ ಜಪಾನಿನ ಸತೋಷಿ ತಾಜಿರಿ ಚಿಕ್ಕಂದಿನಲ್ಲಿ ಹುಳು ಹುಪ್ಪಟೆ ಹಿಡಿದು ಸಾಕುತ್ತಿದ್ದವರು. ಊರು ಬೆಳೆದು ಗದ್ದೆ ಕೊಳಗಳೆಲ್ಲ ಹೋದ ಮೇಲೆ, ಆ ಹಿಡಿಯುವ, ಗೆಳೆಯರೊಡನೆ ಬದಲಾಯಿಸಿಕೊಳ್ಳುವ ಸುಖ ಈಗಿನ ಮಕ್ಕಳಿಗೂ ಸಿಗಲಿ ಎಂದು 1996ರಲ್ಲಿ ಮೊದಲ ಆಟ ತಂದರು. ಬೆಂಕಿಪೊಟ್ಟಣದಲ್ಲಿ ಜೀರ್ಜಿಂಬೆ ಇಟ್ಟು, ಸೊಪ್ಪು ಹಾಕಿ, ಮೊಟ್ಟೆ ಇಟ್ಟಿತೇ ಎಂದು ಗಂಟೆಗೊಮ್ಮೆ ತೆರೆದು ನೋಡಿದ ನನ್ನ ವಯಸ್ಸಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಆಟದ ಈ ಭಾಗಕ್ಕೆ ನನ್ನ ಪೂರ್ಣ ಅಂಕ.

ತಕರಾರು ಇರುವುದು ಕಾಳಗದ್ದು.

ಹುಲ್ಲಿನಲ್ಲಿ ನಡೆಯುತ್ತಿದ್ದರೆ ಥಟ್ಟನೆ ಒಂದು ಪ್ರಾಣಿ ಎದುರಾಗುತ್ತದೆ. ನಿಮ್ಮ ಪ್ರಾಣಿ ಒಮ್ಮೆ ಹೊಡೆಯುತ್ತದೆ, ಅದು ಒಮ್ಮೆ ಹೊಡೆಯುತ್ತದೆ, ಚದುರಂಗದ ಹಾಗೆ ಸರದಿಯ ಮೇಲೆ. ನೀರು ಬೆಂಕಿಯನ್ನು ಗೆಲ್ಲುತ್ತದೆ, ಬೆಂಕಿ ಗಿಡವನ್ನು, ಗಿಡ ನೀರನ್ನು. ಹೀಗೆ ಹದಿನೇಳು ಜಾತಿ. ಯಾವುದಕ್ಕೆ ಯಾವುದು ಎಂದು ಯೋಚಿಸಿ ಇಳಿಸಬೇಕು. ಇದು ಚೆನ್ನಾಗಿದೆ. ಆದರೆ ಯೋಚಿಸಬೇಕಾದ ಕಾಳಗ ಒಂದು ಬಂದರೆ, ಯೋಚಿಸಬೇಕಿಲ್ಲದ್ದು ಐವತ್ತು ಬರುತ್ತವೆ. ಗುಹೆಗಳಲ್ಲಂತೂ ಜುಬ್ಯಾಟ್ ಎಂಬ ಬಾವಲಿ ನಾಲ್ಕು ಹೆಜ್ಜೆಗೊಂದರಂತೆ ಮುಖಕ್ಕೆ ರಾಚುತ್ತದೆ. ಅದು ಕೀರಿ ನಮ್ಮ ಪ್ರಾಣಿಗೆ ತಲೆ ತಿರುಗಿಸಿತೆಂದರೆ, ಎರಡರಲ್ಲಿ ಒಂದು ಸಲ ನಮ್ಮದು ತನ್ನನ್ನು ತಾನೇ ಹೊಡೆದುಕೊಳ್ಳುತ್ತದೆ. ಇದೆಲ್ಲ ಬೇಡವೆಂದರೆ ಅಂಗಡಿಯಲ್ಲಿ ‘ರೆಪೆಲ್’ ಎಂಬ ಔಷಧಿ ಇದೆ. ಆಟದ ದುಡ್ಡಿನಲ್ಲಿ 350. ಸಿಂಪಡಿಸಿಕೊಂಡರೆ 100 ಹೆಜ್ಜೆಯವರೆಗೆ ಚಿಲ್ಲರೆ ಪ್ರಾಣಿಗಳು ಹತ್ತಿರ ಸುಳಿಯುವುದಿಲ್ಲ. ಆಟದಿಂದ ತಪ್ಪಿಸಿಕೊಳ್ಳುವುದಕ್ಕೂ ಆಟದಲ್ಲೇ ದುಡ್ಡು ಕೊಡಬೇಕಾದ ಏರ್ಪಾಡನ್ನು ನಾನು ಬೇರೆಲ್ಲೂ ಕಂಡಿಲ್ಲ.

ಗೆದ್ದಾಗ ಅನುಭವದ ಅಂಕ ಸಿಗುತ್ತದೆ. ಕಾಡಿನ ಒಂದು ಎಳೆಯ ಕಂಬಳಿಹುಳುವನ್ನು ಸೋಲಿಸಿದರೆ 30 ಅಂಕ. ಅಂಕ ಕೂಡಿದಂತೆ ಪ್ರಾಣಿಯ ಲೆವೆಲ್ ಏರುತ್ತದೆ, 100ರವರೆಗೆ. ಇಲ್ಲಿ ನನ್ನೊಳಗಿನ ಬಿ.ಕಾಂ. ಎಚ್ಚರವಾಯಿತು. ಆಟದಲ್ಲಿ ಒಂದು ಪುಟವಿದೆ. ಈವರೆಗೆ ಗಳಿಸಿದ ಅಂಕವೆಷ್ಟು, ಮುಂದಿನ ಲೆವೆಲ್‌ಗೆ ಬಾಕಿ ಎಷ್ಟು ಎಂದು ಅಲ್ಲಿ ತೋರಿಸುತ್ತದೆ. ಪುಟ್ಟನ ಪಿಕಾಚು 10ನೇ ಲೆವೆಲ್‌ನಲ್ಲಿತ್ತು. ಎರಡೂ ಅಂಕಿಗಳನ್ನು ಕೂಡಿದೆ. 1331.

ಈ 1331 ನನ್ನ ಹಳೆಯ ಸ್ನೇಹಿತ! 1000 ರೂಪಾಯಿಯನ್ನು ನೂರಕ್ಕೆ 10ರ ಚಕ್ರಬಡ್ಡಿಗೆ 3 ವರ್ಷ ಇಟ್ಟರೆ ಕೈಗೆ ಬರುವ ಮೊತ್ತ. ಮುಂದಿನ ಲೆವೆಲ್‌ಗೆ ಕೂಡಿದರೆ 1728, ಅದರ ಮುಂದಿನದಕ್ಕೆ 2197. ಮಕ್ಕಳೇ, ನಿಮಗೆ ಈಗಾಗಲೇ ಹೊಳೆದಿರಬೇಕು. 11, 12, 13ರ ಘನಗಳು ಇವು. ಪಿಕಾಚು ಯಾವ ಲೆವೆಲ್ ಮುಟ್ಟಬೇಕೋ ಆ ಸಂಖ್ಯೆಯನ್ನು ಅದರಿಂದಲೇ ಮೂರು ಸಲ ಗುಣಿಸಿಟ್ಟಷ್ಟು ಅಂಕ ಬೇಕು. ಪುಟ್ಟನನ್ನು ಕರೆದು ತೋರಿಸಿದೆ. “50 ಆದ್ರೆ ಅರ್ಧ ದಾರಿ ಅಲ್ವಾ ತಾತ?” ಅಂದ. ಕಾಗದ ಕೊಟ್ಟು ಗುಣಿಸು ಅಂದೆ. 50ಕ್ಕೆ 1,25,000. ನೂರಕ್ಕೆ 10,00,000. ಅರ್ಧವಲ್ಲ, ಎಂಟರಲ್ಲಿ ಒಂದು ಪಾಲು. 10ರಿಂದ 11ಕ್ಕೆ ಹೋಗಲು 331 ಅಂಕ ಸಾಕಾದರೆ 50ರಿಂದ 51ಕ್ಕೆ 7,651 ಬೇಕು. 99ರಿಂದ 100ಕ್ಕೆ 29,701. ಪುಟ್ಟ ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದು ಮೋಸ” ಅಂದ. ಮೋಸವೇನಲ್ಲ, ಲೆಕ್ಕ ಕರಾರುವಾಕ್ಕಾಗಿದೆ. ಆದರೆ ಸಾಲ ಕೊಡುವಾಗ ಬಡ್ಡಿಯ ದರವನ್ನು ಸಣ್ಣ ಅಕ್ಷರದಲ್ಲಿ ಬರೆಯುವವರ ನೆನಪಾಯಿತು.

ಏಪ್ರಿಲ್ ಮುಗಿದು ಮೇ ತಿಂಗಳು ನಡುವಿಗೆ ಬರುವ ಹೊತ್ತಿಗೆ ಪುಟ್ಟ ಎಂಟು ಪದಕಗಳನ್ನೂ ಗೆದ್ದು ಕೊನೆಯ ಬಾಗಿಲಿಗೆ ಬಂದಿದ್ದ. ಅಲ್ಲಿ ನಾಲ್ವರು ದಿಗ್ಗಜರು, ಆಮೇಲೆ ಒಬ್ಬ ಚಾಂಪಿಯನ್. ಐವರನ್ನೂ ಸಾಲಾಗಿ ಗೆಲ್ಲಬೇಕು. ನಡುವೆ ಆಸ್ಪತ್ರೆಗೆ ಹೋಗಿಬರುವಂತಿಲ್ಲ. ಯಾರ ಕೈಲಿ ಸೋತರೂ ಮೊದಲನೆಯವಳಿಂದ ಶುರು. ನಾಲ್ಕನೆಯವನು ಲ್ಯಾನ್ಸ್, ಡ್ರ್ಯಾಗನ್ ಸಾಕುವವನು. ಅವನ ಹತ್ತಿರ ಪುಟ್ಟ ನಾಲ್ಕು ಸಲ ಸೋತ. ಪ್ರತಿ ಸಲವೂ ಮುಕ್ಕಾಲು ಗಂಟೆಯ ದುಡಿಮೆ ನೀರಿನಲ್ಲಿ ಹೋಮ.

ನಾಲ್ಕನೆಯ ಸಲ ಸೋತ ರಾತ್ರಿ, ಊಟ ಮಾಡುತ್ತಿದ್ದವನು ತಟ್ಟೆಯಿಂದ ತಲೆ ಎತ್ತಿ, “ತಾತ, ಮಂಜು!” ಎಂದು ಕೂಗಿದ. ಡ್ರ್ಯಾಗೊನೈಟ್ ಎನ್ನುವುದು ಡ್ರ್ಯಾಗನ್ ಜಾತಿಯೂ ಹೌದು, ಹಾರುವ ಜಾತಿಯೂ ಹೌದು. ಮಂಜುಗಡ್ಡೆಯ ಏಟು ಎರಡೂ ಜಾತಿಗೆ ದುಪ್ಪಟ್ಟು ತಾಗುತ್ತದೆ. ಎರಡು ಎರಡಲ ನಾಲ್ಕು ಪಟ್ಟು. ಯಾರೂ ಹೇಳಿಕೊಟ್ಟದ್ದಲ್ಲ, ಸಾರನ್ನ ಕಲಸುತ್ತಾ ತಾನೇ ಕಂಡುಕೊಂಡದ್ದು. ಅವನ ಹತ್ತಿರ ಮಂಜಿನ ಪ್ರಾಣಿಯೂ ಇತ್ತು. ಆಟದ ನಡುವೆ ಒಂದು ಕಂಪನಿಯ ಕಟ್ಟಡದಲ್ಲಿ ಬಿಟ್ಟಿಯಾಗಿ ಸಿಕ್ಕಿದ ಲ್ಯಾಪ್ರಸ್, ಬೆನ್ನ ಮೇಲೆ ಚಿಪ್ಪು ಹೊತ್ತ, ನೀಳ ಕತ್ತಿನ ಸಾಧು ಜೀವಿ. ಸಿಕ್ಕ ದಿನವೇ ಕಂಪ್ಯೂಟರ್ ಪೆಟ್ಟಿಗೆಯಲ್ಲಿ ಇಟ್ಟು ಮರೆತಿದ್ದ. ನಮ್ಮ ಭಾಷೆಯಲ್ಲಿ ವ್ಯವಹಾರವಿಲ್ಲದೆ ಬಿದ್ದಿರುವ ಖಾತೆ. ತೆಗೆದು ನೋಡಿದರೆ ಲೆವೆಲ್ 25. ಲ್ಯಾನ್ಸ್‌ನ ಡ್ರ್ಯಾಗನ್‌ಗಳೆಲ್ಲ 50 ದಾಟಿದವು.

ಲೆಕ್ಕ ಹಾಕಿದೆವು. ಲ್ಯಾಪ್ರಸ್ ನಿಧಾನವಾಗಿ ಬೆಳೆಯುವ ಪಂಗಡ; ಅದಕ್ಕೆ ಘನದ ಒಂದೂಕಾಲು ಪಟ್ಟು ಅಂಕ. 25ರಲ್ಲಿ 19,531 ಇರುತ್ತದೆ, 50 ಆಗಲು 1,56,250 ಬೇಕು. ವ್ಯತ್ಯಾಸ 1,36,719. ಹತ್ತಿರದ ಗುಹೆಯಲ್ಲಿ ಒಂದು ದೊಡ್ಡ ಪ್ರಾಣಿಯನ್ನು ಸೋಲಿಸಿದರೆ ಸುಮಾರು 650 ಸಿಗುತ್ತಿತ್ತು. ಅಂದರೆ 210 ಕಾಳಗ. ರಜೆ ಉಳಿದದ್ದು ಆರು ದಿನ. ಪುಟ್ಟ ಯಂತ್ರವನ್ನು ಆರಿಸಿ ಟೇಬಲ್ ಮೇಲಿಟ್ಟು, “ಬೇಡ ತಾತ, ಬೋರು” ಅಂದ. ಸೋತಾಗಲೂ ಅವನ ಮುಖ ಅಷ್ಟು ಸಪ್ಪಗಾಗಿರಲಿಲ್ಲ.

ನನಗೆ ಕೋಪ ಬಂದದ್ದು ಆಗಲೇ. ಲೆಕ್ಕಕ್ಕೆ ಸರಿಯಾದ ಉತ್ತರ ಬರೆದು ತೋರಿಸಿದ ಹುಡುಗನಿಗೆ ಮೇಷ್ಟ್ರು, “ಉತ್ತರ ಸರಿ, ಇನ್ನು ಇದನ್ನೇ 210 ಸಲ ಬರೆದುಕೊಂಡು ಬಾ” ಅಂದರೆ ಹೇಗಿರುತ್ತದೆ? ಅವನು ಯೋಚಿಸಲಿಲ್ಲವೆಂದು ಶಿಕ್ಷೆಯಾಗಿದ್ದರೆ ಒಪ್ಪಬಹುದಿತ್ತು. ಇದು ಯೋಚಿಸಿದ್ದಕ್ಕೆ ಬಿದ್ದ ದಂಡ.

“ಕೊಡು ಇಲ್ಲಿ, ನೀನು ಕ್ರಿಕೆಟ್ ಆಡಿಕೊಂಡು ಬಾ” ಅಂದೆ. ಹೀಗೆ ನನ್ನ ನೇಮಕಾತಿ ಆಯಿತು. ಪುಟ್ಟ ಒಂದು ಹಾಳೆಯಲ್ಲಿ ಆದೇಶಗಳನ್ನು ಬರೆದುಕೊಟ್ಟ. ಒನಿಕ್ಸ್ ಎಂಬ ಕಲ್ಲುಹಾವು ಬಂದರೆ ‘ಸರ್ಫ್’ ಒತ್ತು, ನೀರಿಗೆ ಒಂದೇ ಏಟಿಗೆ ಬೀಳುತ್ತದೆ. ಮಚೋಕ್ ಬಂದರೆ ಓಡು. ಸರ್ಫ್ 15 ಸಲ ಮಾತ್ರ, ಆಮೇಲೆ ಆಸ್ಪತ್ರೆಗೆ ಹೋಗು. ಕೊನೆಯಲ್ಲಿ ಕೆಂಪು ಶಾಯಿಯಲ್ಲಿ: ತಾತ, ಸೇವ್ ಮಾಡು.

ಊಟವಾದ ಮೇಲೆ ಕಿಟಕಿಗೆ ಬಿಸಿಲು ಬರುತ್ತದೆ. ಅಲ್ಲಿ ಕೂತು ದಿನಕ್ಕೆ ಇಪ್ಪತ್ತೈದು, ಮೂವತ್ತು ಕಾಳಗ. ಗೆದ್ದಾಗಲೆಲ್ಲ ಹಳೆಯ ನೋಟ್‌ಬುಕ್ಕಿನಲ್ಲಿ ಒಂದು ಗೀಟು, ಐದನೆಯದು ಅಡ್ಡ. ಹದಿನೈದು ಆದೊಡನೆ ಗುಹೆಯಿಂದ ಹೊರಗೆ, ಆಸ್ಪತ್ರೆಗೆ, ಮತ್ತೆ ಗುಹೆಗೆ. ನೋಟು ಎಣಿಸಿ ಎಣಿಸಿ ಪಳಗಿದ ಹೆಬ್ಬೆರಳು ಇದು, ಮೂರನೆಯ ದಿನಕ್ಕೆ ನೋಯತೊಡಗಿತು. ಮನೆಯಾಕೆ ಏನೂ ಅನ್ನದೆ ಎಳ್ಳೆಣ್ಣೆಯ ಬಟ್ಟಲನ್ನು ಪಕ್ಕದಲ್ಲಿಟ್ಟು ಹೋದಳು.

ಒಂದೇ ಕೆಲಸವನ್ನು ಸಾವಿರ ಸಲ ಮಾಡುವುದು ನನಗೆ ಹೊಸದಲ್ಲ. ಕಂಪ್ಯೂಟರ್ ಬರುವ ಮೊದಲು ಆರು ತಿಂಗಳಿಗೊಮ್ಮೆ ಉಳಿತಾಯ ಖಾತೆಗಳಿಗೆಲ್ಲ ಬಡ್ಡಿ ಹಾಕಬೇಕಿತ್ತು. ಪ್ರತಿ ತಿಂಗಳ 10ನೇ ತಾರೀಖಿನಿಂದ ಕೊನೆಯ ದಿನದವರೆಗೆ ಖಾತೆಯಲ್ಲಿದ್ದ ಅತಿ ಕಡಿಮೆ ಮೊತ್ತ ಯಾವುದೆಂದು ಲೆಡ್ಜರ್‌ನಲ್ಲಿ ಹುಡುಕಿ, ಅದರ ಮೇಲೆ ಬಡ್ಡಿ. ಸಾವಿರಾರು ಖಾತೆ, ಎಲ್ಲವೂ ಕೈಯಲ್ಲೇ. ಬೇಸರವೇ? ಬೇಕಾದಷ್ಟು ಇತ್ತು. ಆದರೆ ಎರಡು ವರ್ಷದಲ್ಲಿ ನನ್ನ ಕಣ್ಣು ಉದ್ದನೆಯ ಸಾಲನ್ನು ಒಂದೇ ಉಸಿರಿಗೆ ಕೂಡುವಷ್ಟು ಪಳಗಿತು. ಹೂ ಮಾರುವವಳೊಬ್ಬಳು 10ನೇ ತಾರೀಖು ದಾಟಿ ಹಣ ಕಟ್ಟಲು ಬಂದರೆ, “ಅಮ್ಮಾ, ಮುಂದಿನ ತಿಂಗಳು ಹತ್ತರೊಳಗೆ ತಂದುಬಿಡು, ಬಡ್ಡಿ ಸಿಗುತ್ತೆ” ಎಂದು ಹೇಳುವಷ್ಟು ಖಾತೆಗಳ ಗುಣ ಗೊತ್ತಾಯಿತು. ಗುಹೆಯ ನೂರು ಕಾಳಗದಲ್ಲಿ ನನಗೆ ಗೊತ್ತಾದದ್ದು ಮೊದಲ ಕಾಳಗದಲ್ಲಿ ಗೊತ್ತಾದದ್ದೇ.

ಸಂಜೆ ಪುಟ್ಟನಿಗೆ ಈ ಮಾತು ಹೇಳಿದೆ. ಅವನು ಬಿಡುವವನೇ? “ನೀನು ದಿನಾ ಪಾರ್ಕಲ್ಲಿ ಎಂಟು ರೌಂಡ್ ಹೊಡೀತೀಯಲ್ಲ ತಾತ, ಅದೂ ಗ್ರೈಂಡೇ ತಾನೇ?”

“ಅಲ್ಲಿ ನಡೆಯೋನೂ ನಾನೇ, ಶುಗರ್ ಇಳಿಯೋದೂ ನನಗೇ. ಇಲ್ಲಿ ದುಡಿಯೋನು ನಾನು, ಲೆವೆಲ್ ಏರೋದು ಲ್ಯಾಪ್ರಸ್‌ಗೆ.”

“ಹಾಗಾದ್ರೆ ಲ್ಯಾಪ್ರಸ್‌ಗೆ ಖುಷಿಯಾಗಿರತ್ತೆ ಬಿಡು” ಅಂದ.

ಐದನೆಯ ದಿನ ಸಂಜೆಗೆ ಗೀಟುಗಳು 134. ಲ್ಯಾಪ್ರಸ್ 44ಕ್ಕೆ ಬಂದು ನಿಂತಿತು. 50 ಆಗಲಿಲ್ಲ. ನೋಟ್‌ಬುಕ್ ನೋಡಿದ ಪುಟ್ಟ, “ಸಾಕು ತಾತ, ಇನ್ನು ನಾನು” ಎಂದು ಯಂತ್ರ ಕಿತ್ತುಕೊಂಡ. ಮಾರನೆಯ ಬೆಳಿಗ್ಗೆ ತಿಂಡಿಗೂ ಮೊದಲು ಕೂತ. ಮೊದಲ ಮೂವರು ಹೋದರು. ಲ್ಯಾನ್ಸ್‌ನ ನೀರಿನ ಹಾವಿಗೆ ಪಿಕಾಚುವಿನ ಸಿಡಿಲು. ಆಮೇಲೆ ಲ್ಯಾಪ್ರಸ್ ಇಳಿಯಿತು. ಎರಡು ಡ್ರ್ಯಾಗನ್ ಹೋದವು. ಕೊನೆಗೆ ಡ್ರ್ಯಾಗೊನೈಟ್. ಅದರ ಏಟಿಗೆ ಲ್ಯಾಪ್ರಸ್‌ನ ಪ್ರಾಣ ಗೆರೆಯಷ್ಟು ಉಳಿದಿತ್ತು. ಪುಟ್ಟ ಉಸಿರು ಬಿಗಿಹಿಡಿದು ಗುಂಡಿ ಒತ್ತಿದ. ಮಂಜಿನ ಕಿರಣ. ಡ್ರ್ಯಾಗೊನೈಟ್ ಉರುಳಿತು. ಅವನು ಕಿರುಚಿದ ರಭಸಕ್ಕೆ ಅಡುಗೆಮನೆಯಲ್ಲಿ ಸೌಟು ಬಿದ್ದ ಸದ್ದು ಕೇಳಿಸಿತು. ಆ ಒಂದು ನಿಮಿಷದ ಮಟ್ಟಿಗೆ ಆಟ ಮಾಡಿದವರ ಮೇಲೆ ನನಗೆ ಯಾವ ದೂರೂ ಇರಲಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು.

ಚಾಂಪಿಯನ್ ಹತ್ತಿರ ಸೋತ. ಅವನ ಕೊನೆಯ ಪ್ರಾಣಿ 63ನೇ ಲೆವೆಲ್‌ನದು.

ಮಧ್ಯಾಹ್ನ ಬೆಂಗಳೂರಿಗೆ ಹೊರಡುವಾಗ ಯಂತ್ರವನ್ನು ನನ್ನ ಕೈಗೆ ಕೊಟ್ಟ. ಶಾಲೆ ಶುರುವಾದ ಮೇಲೆ ಇದಕ್ಕೂ ಅಮ್ಮನ ಕಾನೂನು ಅನ್ವಯಿಸುತ್ತದಂತೆ. “ನಾನು ಒಂದಿಷ್ಟು ರುಬ್ಬಿ ಇಡಲೇನೋ?” ಎಂದು ಕೇಳಿದೆ.

“ಬೇಡ ತಾತ. ದಸರಾಕ್ಕೆ ಬರ್ತೀನಲ್ಲ. ಅಷ್ಟರಲ್ಲಿ ಬೇರೆ ಏನಾದ್ರೂ ಯೋಚನೆ ಮಾಡ್ತೀನಿ. ನೀನು ಮುಟ್ಟಬೇಡ.”

ಬಸ್ಸು ಹತ್ತಿಸಿ ಬಂದವನು ಸೋರಿ ಹಾಳಾಗದಿರಲಿ ಎಂದು ಸೆಲ್ಲುಗಳನ್ನು ತೆಗೆಯುವ ಮುಂಚೆ ಆ ಪುಟವನ್ನು ಒಮ್ಮೆ ತೆರೆದು, ನೋಟ್‌ಬುಕ್ಕಿನಲ್ಲಿ ಗೀಟುಗಳ ಕೆಳಗೆ ಬರೆದಿಟ್ಟೆ: ಲ್ಯಾಪ್ರಸ್, ಲೆವೆಲ್ 44. ಅಖೈರು ಶಿಲ್ಕು 1,12,766. ಮುಂದಿನ ಲೆವೆಲ್‌ಗೆ ಬಾಕಿ 1,140.